ಪಾಪು ಜೊತೆ ಮೊದಲ ವಿದೇಶ ಪ್ರವಾಸ: ಕೊಲಂಬೊ, ಸಿಂಗಾಪುರ, ಫುಕೆಟ್, ದುಬೈ – ನಿಮಗೆ ಯಾವುದು?

"ಪಾಪುಗೆ ಎಂಟು ತಿಂಗಳು. ಡಿಸೆಂಬರ್‌ನಲ್ಲಿ ಒಂದು ವಾರ ರಜೆ ಸಿಗುತ್ತೆ. ಸಿಂಗಾಪುರ ಒಳ್ಳೇದಾ, ದುಬೈನಾ, ಇಲ್ಲ ಹತ್ತಿರದಲ್ಲೇ ಶ್ರೀಲಂಕಾಗೆ ಹೋಗಿ ಬಂದ್ರೆ ಸಾಕಾ?" ಹೊಸದಾಗಿ ಅಪ್ಪ-ಅಮ್ಮ ಆದವರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಹಿಂದೆಯೇ ಇನ್ನೊಂದು ಸಾಲು ಬರುತ್ತದೆ: "ಮನೇಲಿ ದೊಡ್ಡವರು, ಇಷ್ಟು ಚಿಕ್ಕ ಕೂಸನ್ನ ಎತ್ಕೊಂಡು ಅಲ್ಲಿಗೆಲ್ಲ ಯಾಕೆ ಅಂತಿದಾರೆ."

ದೊಡ್ಡವರ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅವರ ಭಯ ದೇಶದ ಬಗ್ಗೆ ಅಲ್ಲ. ರಾತ್ರಿ ಎರಡು ಗಂಟೆಗೆ ಮಗು ಕಾದ ಹೆಂಚಿನ ಹಾಗೆ ಸುಡುತ್ತಿದ್ದರೆ ಗುರುತಿಲ್ಲದ ಊರಲ್ಲಿ ಏನು ಮಾಡ್ತೀರಿ ಅನ್ನೋದೇ ಅವರ ಪ್ರಶ್ನೆ. ಊರು ಆರಿಸುವಾಗ ನೀವೂ ಇದನ್ನೇ ಮೊದಲು ಕೇಳಿಕೊಳ್ಳಬೇಕು. ಎಂಟು ತಿಂಗಳ ಮಗುವಿಗೆ ಸಿಂಗಾಪುರದ ಮರೀನಾ ಬೇ ಆದರೇನು, ಮಲ್ಲೇಶ್ವರದ ಎಂಟನೇ ಕ್ರಾಸ್ ಆದರೇನು, ಎರಡೂ ಒಂದೇ. ಹೊತ್ತಿಗೆ ನಿದ್ದೆ, ಹೊತ್ತಿಗೆ ಊಟ, ಅಮ್ಮನ ಮಡಿಲು ಇದ್ದರೆ ಅದಕ್ಕೆ ಸಾಕು. ಪ್ರವಾಸ ನಿಮಗಾಗಿ, ಮಗುವಿಗಾಗಿ ಅಲ್ಲ. ಇದನ್ನು ಒಪ್ಪಿಕೊಂಡುಬಿಟ್ಟರೆ ಆಯ್ಕೆ ಅರ್ಧ ಸುಲಭ. ನಿಮಗೆ ಖುಷಿ ಕೊಡುವ ಊರುಗಳ ಪೈಕಿ ಮಗುವಿನ ದಿನಚರಿ ಅತಿ ಕಡಿಮೆ ಕೆಡುವ ಊರು ಯಾವುದು, ಅಷ್ಟು ನೋಡಿದರೆ ಆಯ್ತು.

ಇಲ್ಲಿ ಬೆಂಗಳೂರಿನಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ದುಬೈ ವಿಚಾರ ಬಂದಾಗ ಮಂಗಳೂರಿನವರಿಗೂ ಒಂದು ಮಾತಿದೆ.

ಯಾವುದರಿಂದ ಅಳೆಯುವುದು?

ಎಲ್ಲರೂ ಮೊದಲು ನೋಡುವುದು ವಿಮಾನ ಎಷ್ಟು ಗಂಟೆ ಹಾರುತ್ತದೆ ಅಂತ. ನನ್ನ ಪ್ರಕಾರ ಗಂಟೆಗಿಂತ ಹತ್ತಿ ಇಳಿಯುವ ಲೆಕ್ಕ ಮುಖ್ಯ. ಮನೆಯಿಂದ ಕ್ಯಾಬ್, ಕ್ಯಾಬಿಂದ ಚೆಕ್-ಇನ್, ಸೆಕ್ಯುರಿಟಿ, ವಿಮಾನ, ಇಮಿಗ್ರೇಷನ್, ಮತ್ತೆ ಕ್ಯಾಬ್, ಕೆಲವು ಕಡೆ ಅದರ ಮೇಲೊಂದು ದೋಣಿ. ಪ್ರತಿ ಸಲ ಮಗುವನ್ನು ಎಬ್ಬಿಸಬೇಕು, ಸ್ಟ್ರಾಲರ್ ಮಡಚಬೇಕು, ಚೀಲ ಎಣಿಸಬೇಕು. ನಿದ್ದೆಯಲ್ಲಿರುವ ಮಗುವಿಗೆ ನಾಲ್ಕು ಗಂಟೆ ಹಾರಾಟ ದೊಡ್ಡದಲ್ಲ. ಒಂದೂವರೆ ಗಂಟೆ ಹಾರಿ, ಆಮೇಲೆ ಅಂಕುಡೊಂಕು ರಸ್ತೆಯಲ್ಲಿ ನಾಲ್ಕು ಗಂಟೆ ಕಾರಿನಲ್ಲಿ ಕೂರುವುದು ನಿಜಕ್ಕೂ ಕಷ್ಟ.

ಎರಡನೆಯದು ವೈದ್ಯಕೀಯ. ಮಕ್ಕಳ ಡಾಕ್ಟರ್ ಇರುವ ಆಸ್ಪತ್ರೆ ನೀವು ಉಳಿಯುವ ಜಾಗದಿಂದ ಎಷ್ಟು ದೂರ, ರಾತ್ರಿ ತೆರೆದಿರುತ್ತದಾ, ಅವರಿಗೆ ಇಂಗ್ಲಿಷ್ ಬರುತ್ತದಾ. ಟಿಕೆಟ್ ಕೊಳ್ಳುವ ಮೊದಲೇ ನಕ್ಷೆಯಲ್ಲಿ ಇದನ್ನು ನೋಡಿಬಿಡಿ.

ಮೂರನೆಯದು ನೀರು, ಊಟ. ಎದೆಹಾಲು ಮಾತ್ರ ಕುಡಿಯುವ ಮಗುವಾದರೆ ಇದನ್ನು ಬಿಟ್ಟುಬಿಡಬಹುದು. ರಾಗಿ ಸರಿ, ಬೇಳೆ ಕಟ್ಟು, ಮೆತ್ತಗಿನ ಅನ್ನ ಶುರುವಾಗಿದ್ದರೆ ಕೋಣೆಯಲ್ಲಿ ನೀರು ಕಾಯಿಸಲು, ಒಂದಿಷ್ಟು ಗಂಜಿ ಮಾಡಲು ಅನುಕೂಲ ಬೇಕು.

ನಾಲ್ಕನೆಯದು ಕೋಣೆ. ಇದನ್ನು ಯಾರೂ ಎಣಿಸುವುದಿಲ್ಲ, ಆದರೆ ಪ್ರವಾಸ ಚೆನ್ನಾಗಿತ್ತಾ ಇಲ್ಲವಾ ಅನ್ನುವುದು ಹೆಚ್ಚಾಗಿ ನಿರ್ಧಾರವಾಗುವುದೇ ಇಲ್ಲಿ. ಮಗು ಎಂಟು ಗಂಟೆಗೆ ಮಲಗುತ್ತದೆ. ಇರುವುದು ಒಂದೇ ಕೋಣೆ. ದೀಪ ಆರಿಸಬೇಕು, ಟಿವಿ ಹಾಕುವಂತಿಲ್ಲ, ಮಾತಾಡುವಂತಿಲ್ಲ. ಗಂಡ-ಹೆಂಡತಿ ಬಚ್ಚಲುಮನೆಯ ದೀಪ ಹಾಕಿ, ಬಾಗಿಲು ಒಂಚೂರು ತೆರೆದಿಟ್ಟು, ಆ ಬೆಳಕಿನ ಗೆರೆಯಲ್ಲಿ ಪಾರ್ಸೆಲ್ ಡಬ್ಬಿ ಬಿಚ್ಚಿ ಸದ್ದಿಲ್ಲದೆ ತಿನ್ನಬೇಕು. ಒಂದು ರಾತ್ರಿ ಇದು ತಮಾಷೆ. ನಾಲ್ಕನೇ ರಾತ್ರಿಗೆ ಮನೆಗೆ ಹೋಗೋಣ ಅನಿಸುತ್ತದೆ. ಬಾಲ್ಕನಿ ಇರುವ ಕೋಣೆ, ಇಲ್ಲವೇ ಹಾಲ್ ಬೇರೆ ಮಲಗುವ ಕೋಣೆ ಬೇರೆ ಇರುವ ಸರ್ವೀಸ್ ಅಪಾರ್ಟ್‌ಮೆಂಟ್ ಸಿಕ್ಕರೆ ಊರಿನ ಹೆಸರನ್ನೇ ಮರೆಯಬಹುದು. ಹಾಗಾಗಿ ಊರುಗಳನ್ನು ಹೋಲಿಸುವಾಗ, ಇರುವ ದುಡ್ಡಿಗೆ ಯಾವ ಊರಲ್ಲಿ ಎಂಥ ಕೋಣೆ ಸಿಗುತ್ತದೆ ಅಂತ ಹೋಲಿಸಿ.

ಇನ್ನುಳಿದಿದ್ದು ಹವೆ, ಓಡಾಟ, ಖರ್ಚು. ಅವು ಒಂದೊಂದು ಊರಿನ ಜೊತೆಗೇ ಬರುತ್ತವೆ.

ವಯಸ್ಸಿನ ಮಾತು

ಮೂರು ತಿಂಗಳೊಳಗಿನ ಮಗುವನ್ನು ಕರೆದೊಯ್ಯಬೇಡಿ ಅನ್ನುವುದು ನನ್ನ ಸಲಹೆ. ಏರ್‌ಲೈನ್‌ಗಳು ಹತ್ತಿಸಿಕೊಳ್ಳುತ್ತವೆ ನಿಜ. ಆದರೆ ಆ ವಯಸ್ಸಿನಲ್ಲಿ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. 6, 10, 14ನೇ ವಾರದ ಲಸಿಕೆಗಳು ಮುಗಿಯಲಿ.

ನಾಲ್ಕೈದು ತಿಂಗಳು ಒಂದು ರೀತಿಯಲ್ಲಿ ಸುಲಭದ ಕಾಲ. ಊಟದ ತಲೆನೋವಿಲ್ಲ, ಇಟ್ಟಲ್ಲಿ ಇರುತ್ತದೆ. ಆದರೆ ಅಮ್ಮನ ಮೈ ಇನ್ನೂ ಸುಧಾರಿಸುತ್ತಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆರರಿಂದ ಒಂಬತ್ತು ತಿಂಗಳಲ್ಲಿ ಕೂರುತ್ತದೆ, ನಗುತ್ತದೆ, ಹೊರಗಿನದನ್ನು ಕಣ್ಣರಳಿಸಿ ನೋಡುತ್ತದೆ. ನನ್ನ ಮೆಚ್ಚಿನ ಕಾಲ ಅದು. ಅಂಬೆಗಾಲಿಟ್ಟು ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಹಂತದಿಂದ ಒಂದೂವರೆ ವರ್ಷದವರೆಗೆ ವಿಮಾನದಲ್ಲಿ ಮಡಿಲಲ್ಲಿ ಕೂರಿಸುವುದೇ ಒಂದು ಕುಸ್ತಿ.

ಎರಡು ವರ್ಷ ತುಂಬುವವರೆಗೆ ಮಡಿಲಲ್ಲಿ ಕೂರುವ ಮಗುವಿಗೆ ದೊಡ್ಡ ಏರ್‌ಲೈನ್‌ಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಸುಮಾರು ಹತ್ತನೇ ಒಂದು ಭಾಗ ಮತ್ತು ತೆರಿಗೆ ಬೀಳುತ್ತದೆ. ಅಗ್ಗದ ಏರ್‌ಲೈನ್‌ಗಳಲ್ಲಿ ಒಂದು ನಿಗದಿತ ಶುಲ್ಕ. ವಾಪಸ್ ಬರುವ ದಿನಕ್ಕೆ ಎರಡು ತುಂಬಿಬಿಟ್ಟರೆ ಆ ಪ್ರಯಾಣಕ್ಕೆ ಸೀಟು ಕೊಳ್ಳಲೇಬೇಕು.

ಶ್ರೀಲಂಕಾ: ಹತ್ತಿರ, ಅಗ್ಗ, ಆದರೆ ಅಡ್ಡಾಡುವ ಆಸೆ ಬಿಡಬೇಕು

ಬೆಂಗಳೂರಿನಿಂದ ಕೊಲಂಬೊಗೆ ಹಾರಾಟ ಸುಮಾರು ಒಂದೂವರೆ ಗಂಟೆ. ಬನಶಂಕರಿ ಕಡೆಯವರಿಗೆ ದೇವನಹಳ್ಳಿ ತಲುಪುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಲ್ವಾ. ಗಡಿಯಾರ ಬದಲಾಯಿಸುವ ಕೆಲಸವೂ ಇಲ್ಲ. ನಮ್ಮ ಸಮಯವೇ ಅವರ ಸಮಯ. ಮಗು ಎಂದಿನ ಹೊತ್ತಿಗೇ ಏಳುತ್ತದೆ, ಎಂದಿನ ಹೊತ್ತಿಗೇ ಮಲಗುತ್ತದೆ. ಇದೊಂದು ಅಂಶಕ್ಕೇ ನಾನು ಶ್ರೀಲಂಕಾಗೆ ಅರ್ಧ ಅಂಕ ಜಾಸ್ತಿ ಕೊಡುತ್ತೇನೆ.

ಊಟವೂ ನಮಗೆ ಹತ್ತಿರದ್ದು. ಬೆಳಿಗ್ಗೆ ಇಡಿಯಾಪ್ಪ ಸಿಗುತ್ತದೆ, ಅಂದರೆ ನಮ್ಮ ಒತ್ತು ಶಾವಿಗೆ. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ, ಖಾರ ಹಾಕದೆ ಮಾಡಿಸಬಹುದಾದ ಬೇಳೆ, ಬಾಳೆಹಣ್ಣು ಇವೆ. ಎಂಟು ತಿಂಗಳ ಮಗುವಿನ ಬಾಯಿಗೆ ಇಷ್ಟು ಸಾಕು. ಬೇಳೆ ಪಲ್ಯಕ್ಕೆ ಒಣಮೀನಿನ ಚೂರು ಹಾಕುವ ಪದ್ಧತಿ ಅಲ್ಲಿದೆ, ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಿ. ನಲ್ಲಿ ನೀರು ಬೇಡ, ಬಾಟಲಿ ನೀರನ್ನೂ ಮಗುವಿಗೆ ಕಾಯಿಸಿ ಆರಿಸಿ ಕೊಡಿ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶ್ರೀಲಂಕಾವನ್ನು ಮಲೇರಿಯಾಮುಕ್ತ ಎಂದು ಘೋಷಿಸಿತು. ಡೆಂಗಿ ಮಾತ್ರ ಚೆನ್ನಾಗಿಯೇ ಇದೆ, ಸೊಳ್ಳೆಪರದೆ ಬಿಡಬೇಡಿ.

ತೊಂದರೆ ಬರುವುದು ಎಲ್ಲವನ್ನೂ ನೋಡಿಬಿಡೋಣ ಅಂತ ಹೊರಟಾಗ. ಕೊಲಂಬೊ, ಕ್ಯಾಂಡಿ, ನುವಾರ ಎಲಿಯ, ಗಾಲೆ, ಜೊತೆಗೆ ‘ಎಲ್ಲ’ (Ella) ಅನ್ನುವ ಗುಡ್ಡದ ಊರು, ಇಷ್ಟನ್ನೂ ಆರು ದಿನಕ್ಕೆ ತುರುಕಿದ ಪ್ಯಾಕೇಜ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ನಕ್ಷೆಯಲ್ಲಿ ದ್ವೀಪ ಚಿಕ್ಕದಾಗಿ ಕಾಣುತ್ತದೆ. ವಿಮಾನ ನಿಲ್ದಾಣದಿಂದ ಕ್ಯಾಂಡಿಗೆ ಸುಮಾರು 100 ಕಿಲೋಮೀಟರ್, ಆದರೆ ಮೂರು ಗಂಟೆಗೂ ಹೆಚ್ಚು ಹಿಡಿಯುವುದುಂಟು. ಅಲ್ಲಿಂದ ಮುಂದೆ ಘಾಟ್ ರಸ್ತೆ. ನುವಾರ ಎಲಿಯ 1,800 ಮೀಟರಿಗಿಂತ ಎತ್ತರದಲ್ಲಿದೆ, ರಾತ್ರಿ ಚಳಿ. ಕರಾವಳಿಯ ಸೆಕೆಯಿಂದ ಮಗುವನ್ನು ಎತ್ತಿಕೊಂಡು ಹೋಗಿ ಆ ಚಳಿಗೆ ಕೂರಿಸುವ ಅಗತ್ಯ ಇದೆಯಾ?

ಒಂದೇ ಜಾಗ, ಒಂದೇ ಹೋಟೆಲ್. ಹಾಗಂದುಕೊಂಡರೆ ಶ್ರೀಲಂಕಾ ಚಿನ್ನ. ನೆಗೊಂಬೊ ಕಡಲತೀರ ವಿಮಾನ ನಿಲ್ದಾಣದಿಂದ ಅರ್ಧ ಗಂಟೆಯ ಹಾದಿ. ಇನ್ನೂ ಚೆಂದದ ತೀರ ಬೇಕೆಂದರೆ ಬೆಂಟೋಟ. ಎಕ್ಸ್‌ಪ್ರೆಸ್‌ವೇ ಇರುವುದರಿಂದ ಸುಮಾರು ಎರಡು ಗಂಟೆ. ಸಿಂಗಾಪುರದಲ್ಲಿ ತೊಟ್ಟಿಲು ಹಾಕಿದರೆ ಓಡಾಡಲು ಜಾಗ ಇಲ್ಲದ ಕೋಣೆಗೆ ಕೊಡುವ ದುಡ್ಡಿಗೆ, ಇಲ್ಲಿ ತೋಟಕ್ಕೆ ತೆರೆದುಕೊಳ್ಳುವ ವರಾಂಡಾ ಇರುವ ದೊಡ್ಡ ಕೋಣೆ ಸಿಗುತ್ತದೆ. ಮಗು ಮಲಗಿದ ಮೇಲೆ ನೀವು ವರಾಂಡಾದಲ್ಲಿ ಕೂತು ಹರಟೆ ಹೊಡೆಯಬಹುದು.

ಪಶ್ಚಿಮ ಮತ್ತು ದಕ್ಷಿಣ ತೀರಕ್ಕೆ ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಮೇನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಳೆ, ಆಗ ಪೂರ್ವ ತೀರ ಚೆನ್ನಾಗಿರುತ್ತದೆ. ಆದರೆ ಪೂರ್ವ ತೀರಕ್ಕೆ ಕಾರಿನಲ್ಲಿ ಬಹಳ ಹೊತ್ತು, ಮಗುವಿನ ಜೊತೆ ಬೇಡ. ಆಸ್ಪತ್ರೆ ವಿಷಯದಲ್ಲಿ ಕೊಲಂಬೊ ಚೆನ್ನಾಗಿದೆ. ಮಕ್ಕಳಿಗೆಂದೇ ಇರುವ ಲೇಡಿ ರಿಡ್ಜ್‌ವೇ ಆಸ್ಪತ್ರೆ ಅಲ್ಲಿದೆ, ಖಾಸಗಿಯವೂ ಇವೆ. ಕೊಲಂಬೊದಿಂದ ದೂರ ಹೋದಷ್ಟೂ ಈ ಅನುಕೂಲ ಕಡಿಮೆಯಾಗುತ್ತದೆ. ಕಾಲುದಾರಿ ಸರಿಯಿಲ್ಲ. ಸ್ಟ್ರಾಲರ್ ಮನೆಯಲ್ಲಿ ಬಿಟ್ಟು ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಒಯ್ಯಿರಿ.

ಸಿಂಗಾಪುರ: ಭಯಪಡುವವರಿಗೆ, ದುಡ್ಡು ಇದ್ದವರಿಗೆ

"ಏನಾದ್ರೂ ಆದ್ರೆ" ಅನ್ನುವ ಪ್ರಶ್ನೆ ನಿಮ್ಮ ನಿದ್ದೆ ಕೆಡಿಸುತ್ತಿದ್ದರೆ ಸಿಂಗಾಪುರಕ್ಕೇ ಹೋಗಿ. ನಲ್ಲಿ ನೀರನ್ನು ನೇರ ಕುಡಿಯಬಹುದು. ಕೆಕೆ ಮಹಿಳೆಯರ ಮತ್ತು ಮಕ್ಕಳ ಆಸ್ಪತ್ರೆಯಲ್ಲಿ ಮಕ್ಕಳಿಗೆಂದೇ 24 ಗಂಟೆಯ ತುರ್ತು ವಿಭಾಗ ಇದೆ, ಅದೂ ಲಿಟ್ಲ್ ಇಂಡಿಯಾದ ಪಕ್ಕದಲ್ಲೇ. ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಬಸ್ಸಿಗೆ ಸ್ಟ್ರಾಲರ್ ಮಡಚದೆ ಹತ್ತಿಸಬಹುದು. ಮಾಲ್‌ಗಳಲ್ಲಿ ಹಾಲುಣಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ, ಡೈಪರ್ ಬದಲಿಸುವ ಮೇಜು, ಬಿಸಿನೀರು ಸಿಗುತ್ತವೆ. ನಮ್ಮೂರಲ್ಲಿ ಮಾಲ್‌ನ ಶೌಚಾಲಯದ ಬೇಸಿನ್ ಪಕ್ಕ ದುಪ್ಪಟ್ಟಾ ಹಾಸಿ ಡೈಪರ್ ಬದಲಿಸಿದವರಿಗೆ ಇದರ ಬೆಲೆ ಗೊತ್ತು.

ಊಟಕ್ಕೆ ಸೆರಾಂಗೂನ್ ರಸ್ತೆಯ ಸುತ್ತಮುತ್ತ ಇಡ್ಲಿ, ದೋಸೆ, ಅನ್ನ-ಸಾರು ಎಲ್ಲ ಇದೆ. 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಈಗಲೂ ಅಲ್ಲಿದೆ. ಬಿಸಿ ಇಡ್ಲಿ ಕಿವುಚಿ ಮಗುವಿಗೆ ಕೊಟ್ಟರೆ ಆ ಹೊತ್ತಿನ ಊಟ ಮುಗಿಯಿತು.

ಬೆಂಗಳೂರಿನಿಂದ ಹಾರಾಟ ಸುಮಾರು ನಾಲ್ಕೂವರೆ ಗಂಟೆ. ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಮಗುವಿನ ನಿದ್ದೆ ಎರಡು-ಮೂರು ದಿನ ಏರುಪೇರಾಗುತ್ತದೆ, ಆದರೆ ಅದಕ್ಕೊಂದು ಒಳ್ಳೆಯ ಮುಖವೂ ಇದೆ. ಇಲ್ಲಿ ಏಳೂವರೆಗೆ ಮಲಗುವ ಮಗು ಅಲ್ಲಿ ರಾತ್ರಿ ಹತ್ತಕ್ಕೆ ಮಲಗುತ್ತದೆ. ಗಡಿಯಾರ ತಿದ್ದಲು ಹೋಗದೆ ಹಾಗೇ ಬಿಟ್ಟರೆ, ಸಂಜೆ ದೀಪದಲ್ಲಿ ಗಾರ್ಡನ್ಸ್ ಬೈ ದ ಬೇ ಸುತ್ತಿ ಬರಬಹುದು. ಬೆಳಿಗ್ಗೆ ತಡವಾಗಿ ಏಳುತ್ತದೆ, ನೀವೂ ತಡವಾಗಿ ಏಳಿ.

ಸಿಕ್ಕಿಬೀಳುವ ಜಾಗ ಬೇರೆ. ರಾತ್ರಿ ಹೊರಟು ಬೆಳಗಾಗುವಾಗ ಇಳಿಸುವ ವಿಮಾನ ಹತ್ತಿದರೆ ಹೋಟೆಲ್ ಕೋಣೆ ಮಧ್ಯಾಹ್ನ ಎರಡು-ಮೂರು ಗಂಟೆಯವರೆಗೆ ಕೈಗೆ ಸಿಗುವುದಿಲ್ಲ. ನಿದ್ದೆಗೆಟ್ಟ ಮಗು, ನಿದ್ದೆಗೆಟ್ಟ ಅಮ್ಮ, ಲಾಬಿಯ ಸೋಫಾದಲ್ಲಿ ಏಳೆಂಟು ಗಂಟೆ. ಒಂದೋ ಹಗಲು ವಿಮಾನ ನೋಡಿ, ಇಲ್ಲವೇ ಹಿಂದಿನ ರಾತ್ರಿಯಿಂದಲೇ ಕೋಣೆ ಹಿಡಿಯಿರಿ. ಒಂದು ರಾತ್ರಿಯ ಬಾಡಿಗೆ ದಂಡವಾಯಿತು ಅನಿಸಬಹುದು. ಇಡೀ ಪ್ರವಾಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚು ಇನ್ನೊಂದಿಲ್ಲ.

ಕಾರಿನ ನಿಯಮ ಗಮನಿಸಿ. 1.35 ಮೀಟರ್‌ಗಿಂತ ಕುಳ್ಳಗಿರುವ ಮಕ್ಕಳಿಗೆ ಚೈಲ್ಡ್ ಸೀಟ್ ಬೇಕು. ಮಾಮೂಲಿ ಟ್ಯಾಕ್ಸಿಗೆ ಇದರಿಂದ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಕರೆಸುವ ಖಾಸಗಿ ಕಾರಿಗೆ ಇಲ್ಲ. ಹಾಗಾಗಿ ಸಾಲಿನಲ್ಲಿ ನಿಂತು ಟ್ಯಾಕ್ಸಿ ಹಿಡಿಯಿರಿ, ಇಲ್ಲವೇ ಮೆಟ್ರೊ. ಭಾರತೀಯರಿಗೆ ಮೊದಲೇ ವೀಸಾ ಬೇಕು, ಮಡಿಲ ಕೂಸಿಗೂ ಬೇರೆಯೇ ಬೇಕು.

ಇನ್ನು ಖರ್ಚು. ಹೋಟೆಲ್‌ನದೇ ದೊಡ್ಡ ಹೊರೆ. ಅಗ್ಗದ ಕೋಣೆ ಹುಡುಕಿದರೆ ಕಿಟಕಿಯೇ ಇಲ್ಲದ್ದು ಸಿಗುತ್ತದೆ. ಕಿಟಕಿ ಇದೆಯಾ, ತೊಟ್ಟಿಲು ಕೊಡ್ತಾರಾ ಎಂದು ಬರೆದು ಕೇಳಿ. ಐದು ರಾತ್ರಿಯ ಬದಲು ನಾಲ್ಕೇ ರಾತ್ರಿ ಮಾಡಿ, ಆ ದುಡ್ಡಲ್ಲಿ ಒಳ್ಳೆಯ ಕೋಣೆ ಹಿಡಿಯುವುದು ಜಾಣತನ. ಮಗುವಿನ ಜೊತೆ ನಾಲ್ಕು ದಿನ ಕಡಿಮೆಯೇನಲ್ಲ.

ಫುಕೆಟ್: ವಿಶ್ರಾಂತಿ ಬೇಕು, ಆದರೆ ತುಂಬ ಖರ್ಚು ಬೇಡ ಅನ್ನುವವರಿಗೆ

ಥಾಯ್ಲೆಂಡ್‌ನ ಈ ದ್ವೀಪಕ್ಕೆ ಬೆಂಗಳೂರಿನಿಂದ ನೇರ ವಿಮಾನವಿದೆ, ಸುಮಾರು ನಾಲ್ಕು ಗಂಟೆ. ಸಮಯ ಒಂದೂವರೆ ಗಂಟೆ ಮುಂದೆ. ರೆಸಾರ್ಟ್‌ಗಳಿಗೆ ಮಕ್ಕಳು ಹೊಸದಲ್ಲ. ತೊಟ್ಟಿಲು, ಎತ್ತರದ ಕುರ್ಚಿ, ಮಕ್ಕಳಿಗೆ ಆಳವಿಲ್ಲದ ಕೊಳ ಮಾಮೂಲು. ಡೈಪರ್, ಫಾರ್ಮುಲಾ, ಒರೆಸುವ ಒದ್ದೆ ಬಟ್ಟೆ ದೊಡ್ಡ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತವೆ. ಡೈಪರ್ ರಾತ್ರಿ ಖಾಲಿಯಾದರೆ ಮೂಲೆಮೂಲೆಯಲ್ಲೂ ಸೆವೆನ್-ಇಲೆವೆನ್ ಇದೆ. ಒಳ್ಳೆಯ ಖಾಸಗಿ ಆಸ್ಪತ್ರೆಗಳಿವೆ, ಪ್ರವಾಸಿಗರನ್ನು ನೋಡಿ ಅಭ್ಯಾಸವೂ ಇದೆ. ವಿಮೆ ಇಲ್ಲದೆ ಹೋದರೆ ಬಿಲ್ ನೋಡಿ ಎದೆ ಧಸಕ್ಕೆನ್ನುತ್ತದೆ, ಅಷ್ಟೇ.

ಥಾಯ್ ಜನಕ್ಕೆ ಮಕ್ಕಳೆಂದರೆ ಪ್ರಾಣ. ಹೋಟೆಲ್‌ನಲ್ಲಿ ಬಡಿಸುವ ಹುಡುಗಿ ಪಾಪುವನ್ನು ಎತ್ತಿಕೊಂಡು ಅಡುಗೆಮನೆಯವರಿಗೆಲ್ಲ ತೋರಿಸಿಕೊಂಡು ಬರುವುದೂ ಉಂಟು. ನಿಮಗೆ ಅಷ್ಟು ಹೊತ್ತು ಎರಡು ಕೈಯಲ್ಲಿ ಊಟ ಮಾಡುವ ಭಾಗ್ಯ. ಅಪರಿಚಿತರು ಮುಟ್ಟುವುದು ನಿಮಗೆ ಇಷ್ಟವಿಲ್ಲದಿದ್ದರೆ ನಗುತ್ತಲೇ ಬೇಡ ಅನ್ನಿ, ಯಾರೂ ಬೇಸರಿಸಿಕೊಳ್ಳುವುದಿಲ್ಲ. ಅಜ್ಜಿ ಜೊತೆಗಿದ್ದರೆ ದೃಷ್ಟಿ ತೆಗೆಯಲು ಉಪ್ಪು-ಮೆಣಸಿನಕಾಯಿ ಹುಡುಕುತ್ತಾರೆ, ಸಿದ್ಧರಾಗಿರಿ.

ತೀರ ಆರಿಸುವುದರಲ್ಲಿ ಎಚ್ಚರ ಬೇಕು. ಎಲ್ಲರೂ ಹೆಸರು ಕೇಳಿರುವ ಪಟೋಂಗ್ ವಿಮಾನ ನಿಲ್ದಾಣದಿಂದ ಒಂದು ಗಂಟೆ ದೂರ, ರಾತ್ರಿಯಿಡೀ ಗದ್ದಲ. ಚಿಕ್ಕ ಮಗುವಿಗೆ ಅದು ಊರೇ ಅಲ್ಲ. ನಿಲ್ದಾಣದ ಪಕ್ಕದಲ್ಲೇ ಇರುವ ನೈ ಯಾಂಗ್, ಮೈ ಖಾವೊ, ಇಲ್ಲವೇ ಸ್ವಲ್ಪ ಕೆಳಗಿನ ಬಾಂಗ್ ತಾವೊ ನೋಡಿ. ಫಿ ಫಿ ದ್ವೀಪದ ಆಸೆ ಈ ಸಲ ಬಿಡಿ. ಸ್ಪೀಡ್‌ಬೋಟ್‌ನವರು ಅನೇಕರು ಒಂದು ವರ್ಷದೊಳಗಿನ ಮಕ್ಕಳನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಆ ಕುಲುಕಾಟಕ್ಕೆ ಅದೇ ಸರಿ.

ಸಸ್ಯಾಹಾರ ಸ್ವಲ್ಪ ಕಷ್ಟ. ತರಕಾರಿ ಅಂದರೂ ಮೀನಿನ ಸಾಸ್ ಬಿದ್ದಿರುತ್ತದೆ. ಇಂಡಿಯನ್ ಹೋಟೆಲ್‌ಗಳಿವೆ, ಆದರೆ ನಾನು ಹೇಳಿದ ಶಾಂತ ತೀರಗಳಲ್ಲಿ ಕಡಿಮೆ. ಮಗುವಿನ ಊಟ ನಿಮ್ಮ ಚೀಲದಿಂದಲೇ ಆಗಬೇಕಾಗಬಹುದು. ಕಾಲ ನವೆಂಬರ್‌ನಿಂದ ಏಪ್ರಿಲ್. ಮೇನಿಂದ ಅಕ್ಟೋಬರ್‌ವರೆಗೆ ದರ ಇಳಿಯುತ್ತದೆ, ಅಲೆ ಏರುತ್ತದೆ. ಕೊಳದ ಪಕ್ಕ ಕೂತರೆ ಸಾಕು ಅನ್ನುವವರಿಗೆ ಮಳೆಗಾಲದ ರಿಯಾಯಿತಿ ಕೆಟ್ಟದ್ದೇನಲ್ಲ.

ದುಬೈ: ನೆಂಟರಿದ್ದರೆ ಸರಿ

ಹಾರಾಟ ಸುಮಾರು ನಾಲ್ಕು ಗಂಟೆ, ಸಮಯ ಒಂದೂವರೆ ಗಂಟೆ ಹಿಂದೆ. ಈ "ಹಿಂದೆ" ಮಗುವಿನ ಜೊತೆ ತುಸು ತ್ರಾಸದ್ದು. ಇಲ್ಲಿ ಆರಕ್ಕೆ ಏಳುವ ಮಗು ಅಲ್ಲಿ ನಾಲ್ಕೂವರೆಗೇ ಕಣ್ಣುಬಿಟ್ಟು ಆಟಕ್ಕೆ ಕರೆಯುತ್ತದೆ.

ಮಂಗಳೂರು, ಉಡುಪಿ ಕಡೆಯವರಿಗೆ ಲೆಕ್ಕ ಬೇರೆ. ಮಂಗಳೂರಿನಿಂದಲೇ ನೇರ ವಿಮಾನ ಇದೆ. ಪ್ರತಿ ಮನೆಗೂ ಅಲ್ಲೊಬ್ಬ ಅಣ್ಣ, ಅತ್ತಿಗೆ, ಚಿಕ್ಕಪ್ಪ ಇರುತ್ತಾರೆ. ಅವರ ಮನೆಯಲ್ಲಿ ಉಳಿಯುವುದಾದರೆ ಅಡುಗೆಮನೆ, ವಾಷಿಂಗ್ ಮಷಿನ್, ಗೊತ್ತಿರುವ ಡಾಕ್ಟರು, ಮಗುವನ್ನು ಒಂದು ಗಂಟೆ ನೋಡಿಕೊಳ್ಳುವವರು, ಎಲ್ಲ ಒಟ್ಟಿಗೆ ಸಿಕ್ಕಂತೆ. ಆಗ ಬೇರೆ ಯಾವ ಊರೂ ದುಬೈ ಮುಂದೆ ನಿಲ್ಲುವುದಿಲ್ಲ. ನೆಂಟರಿಲ್ಲದೆ ಹೋಟೆಲ್‌ನಲ್ಲಿ ಉಳಿಯುವುದಾದರೆ, ಹೆಚ್ಚು ಕಡಿಮೆ ಸಿಂಗಾಪುರದಂಥದೇ ಅನುಕೂಲ, ಆದರೆ ನಡೆದಾಡುವ ಸುಖ ಕಡಿಮೆ. ಕರಾಮಾ, ಬರ್ ದುಬೈ ಕಡೆ ಉಳಿದರೆ ಉಡುಪಿ ಊಟ ಕಾಲ್ನಡಿಗೆಯಲ್ಲೇ ಸಿಗುತ್ತದೆ. ಮೆಟ್ರೊದಲ್ಲಿ ಹೆಂಗಸರು-ಮಕ್ಕಳಿಗೆ ಬೇರೆ ಬೋಗಿ ಇದೆ. ಮಕ್ಕಳಿಗೆಂದೇ ಅಲ್ ಜಲೀಲಾ ಆಸ್ಪತ್ರೆ ಇದೆ.

ನವೆಂಬರ್‌ನಿಂದ ಮಾರ್ಚ್ ಬಿಟ್ಟು ಬೇರೆ ತಿಂಗಳು ಬೇಡ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ, ಮಾಲ್ ಒಳಗೆ ಎಸಿ ಕೊರೆಯುತ್ತದೆ. ಈ ಎರಡರ ನಡುವೆ ಮಗು ನೆಗಡಿ ಹಚ್ಚಿಕೊಳ್ಳುತ್ತದೆ ಅಂತ ಅಜ್ಜಿಯರು ಅನ್ನುತ್ತಾರೆ. ನೆಗಡಿಗೆ ಕಾರಣ ವೈರಸ್, ಆದರೂ ಸ್ವೆಟರ್ ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ.

ಬಾಣಂತಿಯ ಚೀಲದ ಬಗ್ಗೆ ಒಂದು ಮುಖ್ಯ ಎಚ್ಚರಿಕೆ. ಯುಎಇಯಲ್ಲಿ ಗಸಗಸೆ ನಿಷಿದ್ಧ. ನಮ್ಮಲ್ಲಿ ಅಂಟಿನುಂಡೆಗೆ ಗಸಗಸೆ ಹಾಕುತ್ತಾರೆ. ಅಮ್ಮ ಪ್ರೀತಿಯಿಂದ ಡಬ್ಬಿಗಟ್ಟಲೆ ತುಂಬಿ ಕೊಟ್ಟಿರುತ್ತಾರೆ. ಕೇಳಿ, ಗಸಗಸೆ ಹಾಕಿದ್ದರೆ ಅದನ್ನು ಇಲ್ಲೇ ತಿಂದು ಮುಗಿಸಿ. ಕೊಡೀನ್ ಇರುವ ಕೆಮ್ಮಿನ ಸಿರಪ್‌ನಂಥ ಔಷಧಿಗಳ ಮೇಲೂ ಅಲ್ಲಿ ಕಟ್ಟುನಿಟ್ಟು. ಯಾವ ಔಷಧಿ ಒಯ್ದರೂ ಡಾಕ್ಟರ ಚೀಟಿ ಜೊತೆಗಿರಲಿ.

ಬಾಲಿ ಮತ್ತು ಮಾಲ್ಡೀವ್ಸ್: ಈ ಸಲ ಬೇಡ

ಚಿತ್ರಗಳಲ್ಲಿ ಅತಿ ಚೆಂದ ಕಾಣುವುದು ಇವೆರಡೇ, ಅದಕ್ಕೇ ಎಲ್ಲರೂ ಕೇಳುತ್ತಾರೆ. ಬಾಲಿಗೆ ನೇರ ವಿಮಾನ ಇದ್ದರೂ ಆರೂವರೆ ಗಂಟೆಗೂ ಜಾಸ್ತಿ. ಇಳಿದ ಮೇಲೆ ಟ್ರಾಫಿಕ್. ನಲ್ಲಿ ನೀರನ್ನು ಬಾಯಿ ಮುಕ್ಕಳಿಸಲೂ ನಂಬುವಂತಿಲ್ಲ. 2008ರಿಂದ ಅಲ್ಲಿ ಬೀದಿನಾಯಿಗಳಲ್ಲಿ ರೇಬೀಸ್ ಇದೆ. ಕಾಲುದಾರಿಗಳಲ್ಲಿ ಕಲ್ಲು ಎದ್ದಿರುತ್ತವೆ. ಮಗು ಮೂರು ವರ್ಷದ್ದಾದ ಮೇಲೆ ಹೋಗಿ, ಮಂಗಗಳನ್ನು ನೋಡಿ ಅದಕ್ಕೂ ಖುಷಿಯಾಗುತ್ತದೆ.

ಮಾಲ್ಡೀವ್ಸ್ ಹಾರಾಟ ಎರಡು ಗಂಟೆ ಆಸುಪಾಸು, ವೀಸಾ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಸರಿ, ಆಮೇಲೆ? ದೋಣಿ, ಇಲ್ಲವೇ ಹಗಲಲ್ಲಿ ಮಾತ್ರ ಹಾರುವ ಸೀಪ್ಲೇನ್. ಆಸ್ಪತ್ರೆ ಬೇಕಾದರೆ ಮತ್ತೆ ಅದೇ ದೋಣಿ ಹತ್ತಿ ರಾಜಧಾನಿ ಮಾಲೆಗೆ. ಡೈಪರ್ ಮುಗಿದರೆ ದ್ವೀಪದಲ್ಲಿ ಅಂಗಡಿ ಇಲ್ಲ. ನೀರಿನ ಮೇಲಿನ ಮನೆಗಳಿಗೆ ಚಿಕ್ಕ ಮಕ್ಕಳನ್ನು ಬಿಡದ ರೆಸಾರ್ಟ್‌ಗಳೂ ಇವೆ. ಆ ಮನೆಯ ಚಿತ್ರ ನೋಡಿಯೇ ಅಲ್ವಾ ನೀವು ಆಸೆಪಟ್ಟಿದ್ದು? ಆದರೂ ಹೋಗಲೇಬೇಕು ಅಂದರೆ ಮಗು ಇನ್ನೂ ಎದೆಹಾಲಿನಲ್ಲಿರುವಾಗಲೇ, ಮಾಲೆಯಿಂದ ಸ್ಪೀಡ್‌ಬೋಟ್‌ನಲ್ಲಿ ಅರ್ಧ ಗಂಟೆಯೊಳಗೆ ಸಿಗುವ ರೆಸಾರ್ಟ್‌ಗೆ, ದಡದ ಮೇಲಿನ ಮನೆ ಹಿಡಿದು ಹೋಗಿ.

ಹಾಗಾದರೆ ನೀವು?

ಕೈಯಲ್ಲಿ ದುಡ್ಡು ಕಡಿಮೆ, ಸಿಗುವ ರಜೆ ನಾಲ್ಕು ದಿನ, ಇದು ಮೊದಲ ಪ್ರಯತ್ನ. ಹಾಗಾದರೆ ನೆಗೊಂಬೊ ಅಥವಾ ಬೆಂಟೋಟ. ಅಲ್ಲಿ ಸರಿ ಹೋಗಲಿಲ್ಲ ಅಂದರೂ ಒಂದೂವರೆ ಗಂಟೆಯಲ್ಲಿ ವಾಪಸ್ ಬರಬಹುದು ಎಂಬ ಧೈರ್ಯವೇ ದೊಡ್ಡದು.

ಮಗು ಅವಧಿಗೆ ಮುನ್ನ ಹುಟ್ಟಿದ್ದರೆ ಅಥವಾ ಈಗಾಗಲೇ ಒಮ್ಮೆ ಆಸ್ಪತ್ರೆ ಸೇರಿ ಬಂದಿದ್ದರೆ, ಡಾಕ್ಟರ್ ಒಪ್ಪಿಗೆ ಕೊಟ್ಟ ಮೇಲೂ ಸಿಂಗಾಪುರ ಬಿಟ್ಟು ಬೇರೆ ಯೋಚಿಸಬೇಡಿ. ದುಡ್ಡು ಸಾಲದಿದ್ದರೆ ಆರು ತಿಂಗಳು ಮುಂದೂಡಿ.

ಅಮ್ಮ ಕೆಲಸಕ್ಕೆ ಮರಳುವ ಮೊದಲು ಒಂದಿಷ್ಟು ಉಸಿರು ಬಿಡಬೇಕು, ಊರು ನೋಡುವ ಹಂಬಲ ಇಲ್ಲ ಅಂದರೆ ಫುಕೆಟ್. ಅಜ್ಜಿ-ತಾತ ಜೊತೆಗೆ ಬರುತ್ತಾರೆ, ಅವರಿಗೂ ಏನಾದರೂ ನೋಡಬೇಕು ಅಂದರೆ ಮತ್ತೆ ಸಿಂಗಾಪುರ, ಯಾಕೆಂದರೆ ಮೊಣಕಾಲು ನೋವಿನವರಿಗೂ ಸ್ಟ್ರಾಲರ್‌ಗೂ ಬೇಕಾಗುವುದು ಒಂದೇ: ಮೆಟ್ಟಿಲಿಲ್ಲದ ದಾರಿ. ಒಂದು ಮಾತು, ಅಜ್ಜಿಯನ್ನು ಮಗು ನೋಡಿಕೊಳ್ಳಲಿಕ್ಕೆ ಅಂತಲೇ ಕರೆದೊಯ್ಯುವುದಾದರೆ ಮೊದಲೇ ಬಾಯಿಬಿಟ್ಟು ಹೇಳಿ. ಅವರಿಗೂ ಅದು ಮೊದಲ ವಿದೇಶ ಪ್ರವಾಸ ಆಗಿರಬಹುದು.

ಟಿಕೆಟ್‌ಗೆ ಮುಂಚೆ

ಪಾಸ್‌ಪೋರ್ಟ್ ಮೊದಲು, ಟಿಕೆಟ್ ಆಮೇಲೆ. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರು ಸೇರಿಸಿದ್ದೀರಾ ನೋಡಿಕೊಳ್ಳಿ. ಎಷ್ಟೋ ಜನ ನಾಮಕರಣ ಮಾಡಿ ಊಟ ಹಾಕಿಸಿ ಹೆಸರು ಸೇರಿಸುವುದನ್ನೇ ಮರೆತಿರುತ್ತಾರೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನದ ದಾಖಲೆಯಾಗಿ ಪಾಸ್‌ಪೋರ್ಟ್ ಕಚೇರಿ ಒಪ್ಪುವುದು ಜನನ ಪ್ರಮಾಣಪತ್ರ ಒಂದನ್ನೇ. ಅಪ್ಪ-ಅಮ್ಮ ಇಬ್ಬರೂ ಸಹಿ ಹಾಕಿದ ಅನುಬಂಧ ಡಿ (Annexure D) ಎಂಬ ಘೋಷಣಾ ಪತ್ರ ಬೇಕು. ನಾಲ್ಕು ವರ್ಷದೊಳಗಿನ ಮಕ್ಕಳ ಫೋಟೊ ನೀವೇ ಒಯ್ಯಬೇಕು, 4.5 ಸೆಂ.ಮೀ. ಎತ್ತರ, 3.5 ಸೆಂ.ಮೀ. ಅಗಲ, ಬಿಳಿ ಹಿನ್ನೆಲೆ. ಬಿಳಿ ಬೆಡ್‌ಶೀಟ್ ಮೇಲೆ ಅಂಗಾತ ಮಲಗಿಸಿ, ಒಬ್ಬರು ಮೇಲಿನಿಂದ ಗಿಲಕಿ ಆಡಿಸಿ, ಇನ್ನೊಬ್ಬರು ಫೋಟೊ ಹೊಡೆಯಿರಿ. ಕೆನ್ನೆಯ ದೃಷ್ಟಿಬೊಟ್ಟು ಒರೆಸಿಬಿಡಿ. ಮಕ್ಕಳ ಪಾಸ್‌ಪೋರ್ಟ್ ಐದು ವರ್ಷ ಬಾಳುತ್ತದೆ, ಹಾಗಾಗಿ ಬೇಗ ಮಾಡಿಸಿದರೆ ನಷ್ಟವಿಲ್ಲ. ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಚೀಲದಲ್ಲಿರಲಿ.

ವಿಮಾನ ಆರಿಸುವಾಗ ಒಂದು ಗುಟ್ಟು. ಗೋಡೆಗೆ ಸಿಕ್ಕಿಸುವ ತೊಟ್ಟಿಲು, ಅಂದರೆ ಬ್ಯಾಸಿನೆಟ್, ಇರುವುದು ಎರಡು ಓಣಿಯ ದೊಡ್ಡ ವಿಮಾನಗಳಲ್ಲಿ. ಸಿಂಗಾಪುರಕ್ಕೆ ಸಿಂಗಾಪುರ್ ಏರ್‌ಲೈನ್ಸ್, ದುಬೈಗೆ ಎಮಿರೇಟ್ಸ್ ಸಾಮಾನ್ಯವಾಗಿ ಅಂಥವನ್ನು ಹಾರಿಸುತ್ತವೆ. ಒಂದೇ ಓಣಿಯ ಚಿಕ್ಕ ವಿಮಾನದಲ್ಲಿ ನಾಲ್ಕು ಗಂಟೆಯೂ ಮಡಿಲೇ ಗತಿ. ಬ್ಯಾಸಿನೆಟ್‌ಗೆ ತೂಕದ ಮಿತಿ ಇರುತ್ತದೆ, ಇರುವುದೂ ಬೆರಳೆಣಿಕೆಯಷ್ಟು. ಟಿಕೆಟ್ ಮಾಡಿದ ದಿನವೇ ಫೋನ್ ಮಾಡಿ ಕೇಳಿ. ಮಗುವಿನ ಹಾಲು, ಊಟ, ಕಾಯಿಸಿದ ನೀರಿಗೆ 100 ಮಿಲಿಲೀಟರ್ ಮಿತಿ ಅನ್ವಯಿಸುವುದಿಲ್ಲ, ಪ್ರಯಾಣಕ್ಕೆ ಬೇಕಾದಷ್ಟು ಒಯ್ಯಬಹುದು. ಹುರಿದು ಪುಡಿ ಮಾಡಿದ ರಾಗಿ ಸರಿಯ ಹಿಟ್ಟು ಡಬ್ಬಿಯಲ್ಲಿದ್ದರೆ ಬಿಸಿನೀರು ಗಗನಸಖಿಯರೇ ಕೊಡುತ್ತಾರೆ, ಆದರೆ ತುಂಬ ಬಿಸಿ ಇರುತ್ತದೆ, ಆರಿಸಿಕೊಳ್ಳಿ. ವಿಮಾನ ಇಳಿಯಲು ಶುರುಮಾಡಿದಾಗ ಕಿವಿ ನೋಯುತ್ತದೆ. ನೆಲ ಮುಟ್ಟುವ ಹೊತ್ತಿಗಲ್ಲ, ಅದಕ್ಕಿಂತ ಇಪ್ಪತ್ತು-ಮೂವತ್ತು ನಿಮಿಷ ಮೊದಲೇ ಹಾಲೂಡಲು ಶುರು ಮಾಡಿ.

ವಿಮೆ ಮಾಡಿಸುವಾಗ ಮಗುವಿನ ಕನಿಷ್ಠ ವಯಸ್ಸು ಓದಿ. ಕೆಲವು ಪಾಲಿಸಿಗಳಲ್ಲಿ ಮೂರು ತಿಂಗಳು, ಕೆಲವದರಲ್ಲಿ ಆರು ತಿಂಗಳು ತುಂಬಿರಬೇಕು. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ, ಆಯಾ ದೇಶದ ಸರ್ಕಾರಿ ತಾಣದಲ್ಲೇ ನೋಡಿ, ಮಗುವಿಗೂ ಬೇರೆ ಅರ್ಜಿ ಬೇಕಾ ಅಂತ ಖಚಿತಪಡಿಸಿಕೊಳ್ಳಿ.

ದಿನಾಂಕ ಗೊತ್ತು ಮಾಡುವಾಗ ಲಸಿಕೆ ಕಾರ್ಡ್ ಪಕ್ಕದಲ್ಲಿಟ್ಟುಕೊಳ್ಳಿ. ಮಾಮೂಲಿ ಲಸಿಕೆಗಳಿಗೆ ಜ್ವರ ಬಂದರೆ ಒಂದೆರಡು ದಿನದಲ್ಲಿ ಬಂದು ಹೋಗುತ್ತದೆ. ಒಂಬತ್ತನೇ ತಿಂಗಳ ದಡಾರದ ಲಸಿಕೆ ಹಾಗಲ್ಲ, ಅದರ ಜ್ವರ ಒಂದು ವಾರ ಕಳೆದ ಮೇಲೆ ಕಾಣಿಸಿಕೊಳ್ಳಬಹುದು. ಆ ಲಸಿಕೆ ಹಾಕಿಸಿ ಎರಡು ವಾರ ಬಿಟ್ಟು ಹೊರಡಿ. ಅದಕ್ಕೂ ಮುಂಚೆಯೇ ಹೋಗುವುದಾದರೆ, ದಡಾರದ ಒಂದು ಡೋಸ್ ಬೇಗ ಹಾಕಿಸಬೇಕಾ ಎಂದು ನಿಮ್ಮ ಮಕ್ಕಳ ಡಾಕ್ಟರನ್ನು ಟಿಕೆಟ್ ಕೊಳ್ಳುವ ಮೊದಲೇ ಕೇಳಿ.